ಹನ್ನೊಂದು ವರ್ಷ ನೇಗಿಲು ಇಳಿಯದ ನೆಲ

ಕುನ್ನತ್ತೂರು,
20-11-1985

ಪ್ರೀತಿಯ ತಮ್ಮ ದೊರೈಸಾಮಿಗೆ ಅಕ್ಕ ಸುಬ್ಬಾತಾಳ್ ಮನಸಾರೆ ಹರಸಿ ಬರೆಯುವ ಕಾಗದ.

ನಿನ್ನ ಮಂಡಿನೋವು ಹೇಗಿದೆ? ಬೆಳಗಿನಿಂದ ದೀಪ ಹಚ್ಚುವ ತನಕ ಕೊಳ್ಳೇಗಾಲದ ಆ ಅಂಗಡಿಯಲ್ಲಿ ಕಾಲು ಮಡಚಿ ಕೂತರೆ ಮಂಡಿ ಹಿಡಿಯದೆ ಇನ್ನೇನಾಗುತ್ತದೆ? ನಾಚಿಯಮ್ಮನಿಗೆ ಹೇಳಿ ಬೇವಿನೆಣ್ಣೆ ಬಿಸಿ ಮಾಡಿಸಿ ತಿಕ್ಕಿಸಿಕೋ. ಅವಳ ಕೆಮ್ಮು ವಾಸಿಯಾಯಿತೇ? ಮಕ್ಕಳು ಸುಖವೇ? ಇದೆಲ್ಲ ನಾನೇ ಕೇಳಬೇಕು, ನೀನಾಗಿ ಬರೆಯುವವನಲ್ಲ. ನಾಲ್ಕು ತಿಂಗಳ ಹಿಂದೆ ಆಡಿಯಲ್ಲಿ ಬಂದದ್ದೇ ನಿನ್ನ ಕೊನೆಯ ಕಾಗದ. ಪೋಸ್ಟ್‌ಮ್ಯಾನ್ ಸುಬ್ಬಯ್ಯನ್‌ನ ಸೈಕಲ್ ಗಂಟೆ ಕೇಳಿದಾಗಲೆಲ್ಲ ನಾನು ಹಾಲು ಕರೆಯುವುದನ್ನು ಬಿಟ್ಟು ಬೇಲಿಯ ತನಕ ಓಡುತ್ತಿದ್ದೆ. ಈಗ ಅವನಿಗೇ ನನ್ನ ಮೇಲೆ ಕನಿಕರ ಬಂದು ದೂರದಿಂದಲೇ ಕೈಯಾಡಿಸಿ ಇಲ್ಲ ಎಂದುಬಿಡುತ್ತಾನೆ. ಇಲ್ಲಿ ನಮ್ಮವರೆಲ್ಲ ಮನೆಯೊಳಗೆ ಕನ್ನಡ ಮಾತಾಡುತ್ತಾರೆ, ಬರೆದದ್ದನ್ನು ಕೈಗೆ ಕೊಟ್ಟರೆ ಮಾತ್ರ ತಲೆಕೆಳಗೆ ಹಿಡಿಯುತ್ತಾರೆ. ಅದೂ ಒಂದು ಅನುಕೂಲವೇ. ನಿನಗೆ ಬರೆದು ಇಟ್ಟದ್ದನ್ನು ಕದ್ದು ಓದುವವರಿಲ್ಲ.

ನಾನು ಚೆನ್ನಾಗಿದ್ದೇನೆ. ಎಡಗಣ್ಣು ಸ್ವಲ್ಪ ಮಂಜು, ಅಷ್ಟೇ. ಮಗಳು ಶಿವಗಾಮಿ ಸೋಮನೂರಿನಲ್ಲಿ ಸುಖವಾಗಿದ್ದಾಳೆ. ನಾಲ್ಕು ಮಗ್ಗಗಳ ಸದ್ದಿನ ನಡುವೆ ಕೂಗಿ ಮಾತಾಡಿ ಅಭ್ಯಾಸವಾಗಿ, ಇಲ್ಲಿಗೆ ಬಂದು ಅಮ್ಮಾ ಎಂದರೆ ಹಸುಗಳು ಬೆಚ್ಚಿಬೀಳುತ್ತವೆ. ನಮ್ಮ ಜೊತೆ ಬಂದಿರು ಎಂದು ಪ್ರತಿ ಸಲ ಕರೆಯುತ್ತಾಳೆ. ಈ ನೆಲ ಬಿಟ್ಟು ನಾನೆಲ್ಲಿಗೆ ಹೋಗಲಿ? ಈಗ ಬರೆಯಬೇಕಾದದ್ದೂ ಆ ನೆಲದ ವಿಷಯವೇ. ಸ್ವಲ್ಪ ಉದ್ದವಾಗುತ್ತದೆ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಓದು.

ನಮ್ಮ ಒಂಬತ್ತು ಎಕರೆ ಕೊರಂಗಾಡು ನಿನಗೆ ನೆನಪಿದೆ ತಾನೆ? ಕಿಳುವೆ ಮುಳ್ಳಿನ ಬೇಲಿಯೊಳಗಿನ ಹುಲ್ಲುಗಾವಲು, ನಡುನಡುವೆ ಬಿಳಿಜಾಲಿ ಮರ. ನಿನ್ನ ಮಕ್ಕಳು ಒಮ್ಮೆ ಬಂದಾಗ ಇಲ್ಲಿ ಏನೂ ಬೆಳೆದಿಲ್ಲವಲ್ಲ ಅತ್ತೆ ಎಂದು ಕೇಳಿದ್ದವು. ಅಪ್ಪ ಬದುಕಿದ್ದರೆ ಅವುಗಳ ಕಿವಿ ಹಿಂಡುತ್ತಿದ್ದರು. ಅದನ್ನು ನಾಲ್ಕು ಪಟ್ಟಿ ಮಾಡಿದ್ದು ಅವರೇ. ಒಂದು ಪಟ್ಟಿಯಲ್ಲಿ ದನ ಮೇಯುವಾಗ ಉಳಿದ ಮೂರಕ್ಕೆ ದನ ನುಗ್ಗದಂತೆ ಬೇಲಿಯ ಬಾಯಿ ಕಟ್ಟಿರಬೇಕು. ಐಪ್ಪಸಿ ತಿಂಗಳ ಮಳೆಗೆ ಎದ್ದ ಕೊಳುಕ್ಕಟ್ಟೈ ಹುಲ್ಲು ಬೀಜ ಉದುರಿಸುವವರೆಗೆ ಅದರ ಮೇಲೆ ಒಂದು ಗೊರಸೂ ಬೀಳಬಾರದು. ಹುಲ್ಲು ದಣಿದಾಗ ಮಾತ್ರ ಆ ಪಟ್ಟಿಯನ್ನು ಒಂದು ಸಲ ಮೇಲುಮೇಲಕ್ಕೆ ಉತ್ತು ಜೋಳ ಚೆಲ್ಲಿ, ಮತ್ತೆ ಹುಲ್ಲಿಗೇ ಬಿಟ್ಟುಬಿಡಬೇಕು. ಚೆನ್ನಾಗಿ ನೋಡಿಕೊಂಡವರ ನೆಲ ಏಳು ವರ್ಷ ದಣಿಯುವುದಿಲ್ಲ. ನನ್ನದು ಹನ್ನೊಂದು ವರ್ಷವಾದರೂ ದಣಿದಿಲ್ಲ. ಇದನ್ನು ನಾನು ಊರಲ್ಲೆಲ್ಲ ಹೇಳಿಕೊಂಡು ತಿರುಗಿದ್ದೇನೆ, ಅದೇ ನನಗೆ ಮುಳುವಾಯಿತು.

ಹಳೆಯ ಕಣಕ್ಕುಪ್ಪಿಳ್ಳೈ, ಅದೇ ನಿಮ್ಮ ಕಡೆಯ ಶಾನುಭೋಗ, ಹೋಗಿ ಐದು ವರ್ಷವಾಯಿತು. ಈಗ ಸರ್ಕಾರವೇ ನೇಮಿಸಿದ ಹುಡುಗ ರಾಮಲಿಂಗಂ ಬಂದಿದ್ದಾನೆ. ತಂಜಾವೂರು ಕಡೆಯವನು, ಹುಟ್ಟಿದಾಗಿನಿಂದ ಕಾವೇರಿ ನೀರು ನಿಂತ ಗದ್ದೆಯನ್ನೇ ನೋಡಿದವನು. ಎಲ್ಲರ ಜಮೀನನ್ನೂ ಹೊಸ ಪುಸ್ತಕಕ್ಕೆ ಏರಿಸಬೇಕೆಂದು ಮೇಲಿನಿಂದ ಆಜ್ಞೆಯಂತೆ. ನೀರಾವರಿಯಾದರೆ ನಂಜೆ, ಮಳೆ ನಂಬಿದ್ದಾದರೆ ಪುಂಜೆ, ಪಾಳು ಬಿದ್ದದ್ದಾದರೆ ತರಿಸು. ನಮ್ಮದು ಅಪ್ಪನ ಕಾಲದಿಂದ ಪುಂಜೆ. ಆವಣಿ ತಿಂಗಳಲ್ಲಿ ಅವನು ಬೇಲಿಯ ಹೊರಗೆ ಸೈಕಲ್ ನಿಲ್ಲಿಸಿ, ಅಮ್ಮಾ, ಇದನ್ನು ಉತ್ತು ಎಷ್ಟು ವರ್ಷವಾಯಿತು ಎಂದು ತಮಿಳಿನಲ್ಲಿ ಕೇಳಿದ. ನಾನು ಸೆರಗು ಸರಿಮಾಡಿಕೊಂಡು, ಮಗಳ ಮದುವೆಯ ವಿಷಯ ಹೇಳುವವಳ ಹಾಗೆ, ಹನ್ನೊಂದು ವರ್ಷದಿಂದ ಇದರೊಳಗೆ ನೇಗಿಲೇ ಇಳಿದಿಲ್ಲ ಸಾಮಿ ಎಂದೆ. ಅವನು ಹೊಗಳುತ್ತಾನೆಂದು ಕಾದೆ. ಪಾಪ, ಅವನು ತಲೆ ತಗ್ಗಿಸಿ ತರಿಸು ಎಂದು ಬರೆದುಕೊಂಡು ಹೋದ.

ಅದು ಗೊತ್ತಾದದ್ದು ಮರುತಿಂಗಳು ಪುರಟ್ಟಾಸಿಯಲ್ಲಿ, ನಮ್ಮ ಚಿಕ್ಕಪ್ಪನ ಮಗ ಮಾಯಣ್ಣ ತನ್ನ ತೋಟದ ಕೆಲಸಕ್ಕೆ ಚಾವಡಿಗೆ ಹೋಗಿದ್ದಾಗ. ಓಡಿ ಬಂದು ಹೇಳಿದ. ಪಾಳು ಎಂದು ಒಮ್ಮೆ ಬರೆದರೆ ನಾಳೆ ಯಾರು ಬೇಕಾದರೂ ಬಂದು ಈ ಪಾಳಿನಿಂದ ನಿಮಗೇನು ಉಪಯೋಗ ಎಂದು ಕೇಳಬಹುದು ಎಂದು ಊರಲ್ಲಿ ಮಾತು. ತಿರುಪ್ಪೂರಿನ ಬನಿಯನ್ ಕಂಪನಿಯವರು ಶೆಡ್ಡು ಹಾಕುವುದಕ್ಕೆ ಈ ದಾರಿಯುದ್ದಕ್ಕೂ ನೆಲ ನೋಡುತ್ತಿರುವುದಂತೂ ನಿಜ. ಅದಕ್ಕಿಂತ ಹೆಚ್ಚಾಗಿ, ದೊರೈ, ನನಗೆ ಅವಮಾನವಾಯಿತು. ಮೂವತ್ತೊಂದು ವರ್ಷ ಇದನ್ನು ಕಾದವಳು ನಾನು. ಪಾಳು ಬೀಳಿಸಿದವಳು ಎಂದು ಬರೆಸಿಕೊಳ್ಳಬೇಕೇ?

ಮಾಯಣ್ಣನಿಗೆ ಎಲ್ಲದಕ್ಕೂ ಒಂದು ಸುಲಭದ ದಾರಿ ಗೊತ್ತು. "ಅಕ್ಕಾ, ಒಂದು ತಡವೆ ಟ್ರ್ಯಾಕ್ಟರ್ ಓಡ್ಸಿಬುಡು. ಆ ಪಯ್ಯನ್‌ಗೆ ಮಣ್ಣು ಕಂಡ್ರೆ ಸಾಕು, ಪುಂಜೆ ಅಂತ ಬರ್ದುಬುಡ್ತಾನೆ" ಎಂದ. ನಾನೂ ಹೂಂ ಎಂದೆ, ಸುಳ್ಳು ಹೇಳುವುದಿಲ್ಲ. ಮಾರನೆಯ ದಿನ ಬೆಳಿಗ್ಗೆಯೇ ಟ್ರ್ಯಾಕ್ಟರ್ ತಂದ. ತೆಂಕಣ ಪಟ್ಟಿಯಲ್ಲಿ ಎರಡು ಸಾಲು ಹೋಯಿತು. ಹುಲ್ಲಿನ ಬೇರು ಬೆಳ್ಳಗೆ ಮೇಲೆ ಬಂದು ಬಿಸಿಲಿಗೆ ಬಿತ್ತು. ಟ್ರ್ಯಾಕ್ಟರಿನ ಮುಂದೆ ಹೋಗಿ ನಿಂತುಬಿಟ್ಟೆ. ಮಾಯಣ್ಣ ನನಗೆ ಹುಚ್ಚು ಹಿಡಿದಿದೆ ಎಂದು ಊರೆಲ್ಲ ಹೇಳಿದ್ದಾನೆ. ನಿನಗೂ ಬರೆಸಿ ಕಳಿಸಿದರೆ ನಂಬಬೇಡ.

ಆಮೇಲೆ ನಾನೇ ಚಾವಡಿಗೆ ಹೋದೆ. ಮೂರು ಸಲ ಹೋದೆ. ಮೂರನೆಯ ಸಲ ರಾಮಲಿಂಗಂ ನನ್ನ ಕಾಟ ತಾಳಲಾರದೆ ಬರುತ್ತೇನೆ ಎಂದ. ಹೋದ ವಾರ ಬಂದ. ಮಳೆ ನಿಂತು ಎರಡು ದಿನವಾಗಿತ್ತು, ಹುಲ್ಲು ಮೊಣಕಾಲುದ್ದ ಎದ್ದು ತೆನೆ ಬಿಟ್ಟಿತ್ತು. ಮಜ್ಜಿಗೆ ಕೊಟ್ಟು ಮೊದಲು ಚಪ್ಪಲಿ ಬಿಡು ಎಂದೆ. ನಾಲ್ಕು ಪಟ್ಟಿಯನ್ನೂ ಬರಿಗಾಲಲ್ಲಿ ನಡೆಸಿದೆ. ದನ ಮೇದ ಪಟ್ಟಿ ಯಾವುದು, ಮೇಯಲಿರುವುದು ಯಾವುದು, ಬೀಜಕ್ಕೆ ಬಿಟ್ಟದ್ದು ಯಾವುದು ಎಂದು ತೋರಿಸಿದೆ. ಬೇಸಿಗೆಯಲ್ಲಿ ದನಗಳಿಗೆಂದು ಕೂಡಿಟ್ಟ ಜಾಲಿಕಾಯಿ ಮೂಟೆ ತೋರಿಸಿದೆ. ಪ್ರತಿವರ್ಷ ನಾನು ನೆಟ್ಟ ಕಿಳುವೆ ಕಡ್ಡಿಗಳನ್ನು ತೋರಿಸಿದೆ. ಅವನು ಬಿತ್ತಿದವರು ಯಾರು ಎಂದ. ಅಪ್ಪ ಬಿತ್ತಿದರು, ನಾನು ಕಾದೆ ಎಂದೆ. ಕೊಯ್ಯುವವರು ಎಂದ. ಅಗೋ, ಎಂದು ಬೂದು ಬಣ್ಣದ ಮಯಿಲೈ ಹಸುವನ್ನು ತೋರಿಸಿದೆ. ಅವನು ನಕ್ಕುಬಿಟ್ಟ. ಇದನ್ನೆಲ್ಲ ಮಾಡಿಸುವವರು ಯಾರು, ಗಂಡಸರು ಯಾರಿದ್ದಾರೆ ಎಂದ. ಯಾರೂ ಇಲ್ಲ, ನಾನೇ ಎಂದೆ.

ಅವನು ಬಹಳ ಹೊತ್ತು ಜಾಲಿ ನೆರಳಲ್ಲಿ ಕೂತು ಪುಸ್ತಕ ತಿರುವಿದ. ಮೇಯುವ ನೆಲ ಎಂದು ಬರೆದರೆ ಅದು ಊರ ಗೋಮಾಳವಾಗುತ್ತದೆ, ಸರ್ಕಾರದ್ದಾಗಿಬಿಡುತ್ತದೆ, ತರಿಸು ಎಂದು ಬರೆಯುವುದಕ್ಕೆ ಈಗ ನನಗೇ ಮನಸ್ಸಿಲ್ಲ ಎಂದ. ನಮ್ಮ ನೆಲಕ್ಕೆ ಅವನ ಪುಸ್ತಕದಲ್ಲಿ ಕೂರಲು ಜಾಗವೇ ಇರಲಿಲ್ಲ ನೋಡು. ಕೊನೆಗೆ ತರಿಸು ಹೊಡೆದುಹಾಕಿ ಪುಂಜೆ ಎಂದು ಬರೆದ. ಬೆಳೆ ಎಂಬ ಕಡೆ ಮೇವು ಎಂದು ಬರೆದ. ತನ್ನ ತಾಯಿಯೂ ನಾಟಿ ಹಾಕುವಾಗ ಯಾರನ್ನೂ ಚಪ್ಪಲಿ ಮೆಟ್ಟಿ ಗದ್ದೆಗೆ ಬಿಡುವುದಿಲ್ಲ ಎಂದು ಹೇಳಿದ. ಒಳ್ಳೆಯ ಹುಡುಗ. ಊರು ಬಿಟ್ಟು ಬಂದು ಹೋಟೆಲ್ ಊಟ ಮಾಡಿ ಸೊರಗಿದ್ದಾನೆ, ತುಪ್ಪ ಕೊಟ್ಟರೆ ಕೆಲಸಕ್ಕೆ ಕುತ್ತು ಎಂದು ತೆಗೆದುಕೊಳ್ಳಲಿಲ್ಲ. ಎರಡು ಸಾಲು ಉತ್ತ ಕಡೆ ನಾನು ಜೋಳ ಚೆಲ್ಲಿದ್ದೇನೆ. ಹಾಳಾದದ್ದೂ ದಂಡವಾಗಲಿಲ್ಲ.

ಬರೆಯುತ್ತ ಹಳೆಯದೆಲ್ಲ ನೆನಪಾಗುತ್ತಿದೆ. ನನ್ನನ್ನು ಕೊಳ್ಳೇಗಾಲಕ್ಕೆ ಕೊಟ್ಟಾಗ ಅದೂ ಇದೇ ಕೊಯಮತ್ತೂರು ಜಿಲ್ಲೆ. ಆರು ವರ್ಷ ಬಾಳಿ, ಈ ಅಕ್ಷರ ಕಲಿತು, ಕೈಗೂಸಿನ ಜೊತೆ ಗಂಡನಿಲ್ಲದೆ ತಿರುಗಿ ಬಂದೆ. ಎರಡು ವರ್ಷಕ್ಕೆ ರಾಜ್ಯಗಳ ಗೆರೆ ಎಳೆದು ಕೊಳ್ಳೇಗಾಲವನ್ನು ಮೈಸೂರಿಗೆ ಸೇರಿಸಿದರು. ನಾನು ಬಂದ ದಾರಿಯಲ್ಲೇ ನೀನು ನನ್ನ ಮೈದುನನ ಬಟ್ಟೆ ಅಂಗಡಿಗೆ ಹೋದೆ, ಅಲ್ಲಿಯವನೇ ಆದೆ. ಅಪ್ಪ ನೆಲವನ್ನು ನಿನ್ನ ಹೆಸರಿಗೆ ಬರೆದು, ನೀನು ನೋಡಿಕೋ ಮಗಳೇ ಎಂದು ನನಗೆ ಹೇಳಿ ಕಣ್ಣು ಮುಚ್ಚಿದರು. ನಿನ್ನ ಮೇಲೆ ನನಗೆ ಎಂದೂ ಬೇಸರವಿಲ್ಲ. ನೀನು ಲೆಕ್ಕ ಕೇಳಿದವನಲ್ಲ, ಹಬ್ಬಕ್ಕೆ ಸೀರೆ ತಪ್ಪಿಸಿದವನಲ್ಲ.

ಸುಬ್ಬಯ್ಯನ್ ಬರುವ ಹೊತ್ತಾಯಿತು. ನಾಚಿಯಮ್ಮನಿಗೆ ನನ್ನ ಪ್ರೀತಿ ಹೇಳು, ಮಕ್ಕಳ ತಲೆ ಮುಟ್ಟಿ ಅತ್ತೆ ಹರಸಿದಳೆಂದು ಹೇಳು. ನೀನು ನೂರು ಕಾಲ ಸುಖವಾಗಿರು.

ನಿನ್ನ ಅಕ್ಕ,
ಸುಬ್ಬಾತಾಳ್

ಮರೆತ ವಿಷಯ: ಮುಖ್ಯವಾದದ್ದನ್ನೇ ಬರೆಯದೆ ಮಡಚಿಬಿಟ್ಟಿದ್ದೆ, ಮತ್ತೆ ಬಿಚ್ಚಿದ್ದೇನೆ. ನಾನೇ ಎಂದೆನಲ್ಲ, ಅದನ್ನು ಕೇಳಿ ರಾಮಲಿಂಗಂ ಹೊಸ ಪುಸ್ತಕದಲ್ಲಿ ನಿನ್ನ ಹೆಸರು ಇರಬೇಕಾದ ಕಡೆ ನನ್ನ ಹೆಸರು ಬರೆದಿದ್ದಾನೆ. ನನಗೆ ತಮಿಳು ತಡವರಿಸಿ ಓದಲು ಬರುತ್ತದೆ, ನನ್ನ ಹೆಸರು ಗುರುತಾಯಿತು. ಬರೆಯಲು ನಾನು ಹೇಳಲಿಲ್ಲ. ಹೊಡೆದುಹಾಕು ಎಂದೂ ಹೇಳಲಿಲ್ಲ, ಅದೇ ನನ್ನ ತಪ್ಪು. ಇದುವರೆಗೆ ಯಾವ ಕಾಗದದಲ್ಲೂ ನನ್ನ ಹೆಸರು ಒಂಟಿಯಾಗಿ ಇದ್ದದ್ದಿಲ್ಲ, ಇಂಥವರ ಮಗಳು, ಇಂಥವರ ಹೆಂಡತಿ ಎಂದೇ ಇತ್ತು. ನಾನು ಹೋದ ಮೇಲೆ ನೆಲ ನಿನ್ನ ಮಕ್ಕಳಿಗೇ, ಶಿವಗಾಮಿಗೂ ಹಾಗೆಂದೇ ಹೇಳಿದ್ದೇನೆ. ಇರುವಷ್ಟು ದಿನ ಅದು ಹಾಗೇ ಇರಲಿ ಎಂದು ನನಗೆ ಆಸೆ. ತಕರಾರಿದ್ದರೆ ಮಾರ್ಗಳಿ ಮುಗಿಯುವುದರೊಳಗೆ, ಅಂದರೆ ಸಂಕ್ರಾಂತಿಯೊಳಗೆ, ಹೇಳಬೇಕಂತೆ. ತಿದ್ದಿಸು ಎಂದು ನೀನು ಒಂದು ಸಾಲು ಬರೆದರೆ ಸಾಕು, ನಾನೇ ಚಾವಡಿಗೆ ಹೋಗಿ ತಿದ್ದಿಸುತ್ತೇನೆ, ಮುಖ ಸಣ್ಣ ಮಾಡಿಕೊಳ್ಳುವುದಿಲ್ಲ. ಹಾಗೇ ಇರಲಿ ಎಂದಾದರೆ ಏನೂ ಬರೆಯಬೇಡ. ಇಷ್ಟು ವರ್ಷ ನಿನ್ನ ಕಾಗದಕ್ಕೆ ಕಾದಿದ್ದೇನೆ. ಬಾರದಿರಲಿ ಎಂದು ಕಾಯುವುದು ಇದೇ ಮೊದಲು.