ಎಡಗೈಯಲ್ಲಿ ಮತ್ತಾಯ, ಬಲಗೈಯಲ್ಲಿ ಲೂಕ

ಜೂನ್ 4, ಬುಧವಾರ. ಬೆಳಿಗ್ಗೆ

ಎರಡು ವರ್ಷದಿಂದ ಈ ಡೈರಿಯಲ್ಲೂ ಬರೆಯದ ಮಾತೊಂದಿದೆ. ಇವತ್ತೂ ಬರೆಯದೆ ಮುಚ್ಚಿಡುತ್ತಿದ್ದೆನೇನೋ. ಆದರೆ ಅತ್ತೆ ಈಗಷ್ಟೇ, ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಳ್ಳುತ್ತಾ, ಮುಖ ಮೇಲೆತ್ತಿಕೊಂಡೇ ಕೇಳಿಬಿಟ್ಟರು.

"ಚಿಕ್ಕೋನು ಕೊನೇಲಿ ನಿನ್ನ ಹತ್ರ ಏನಾದ್ರೂ ಅಂದನಾ?"

"ಅಲ್ಲಾಡಬೇಡಿ ಅತ್ತೆ, ಕೆನ್ನೆ ಮೇಲೆ ಬೀಳುತ್ತೆ" ಅಂದೆ. ಅದೂ ನಿಜವೇ. ಉತ್ತರ ಮಾತ್ರ ಅಲ್ಲ.

ಅಂದಿದ್ದ. ಅವರ ಚಿಕ್ಕೋನು, ಇವರ, ಅಂದರೆ ನನ್ನ ಗಂಡನ, ಒಬ್ಬನೇ ತಮ್ಮ, ಯಾವ ಗಂಭೀರ ಮಾತನ್ನೂ ಪೂರ್ತಿ ಆಡಲು ಬಿಡದ ನನ್ನ ಮೈದುನ. ಅವನಿದ್ದದ್ದು ನಮ್ಮ ಆಸ್ಪತ್ರೆಯಲ್ಲೇ, ಮೂರನೇ ಮಹಡಿ, ಕಿಟಕಿ ಪಕ್ಕದ ಹಾಸಿಗೆ. ಲಿವರ್. ಕೆಳಗಿನ ಫಾರ್ಮಸಿಯಲ್ಲಿ ನನ್ನ ಡ್ಯೂಟಿ. ಆವತ್ತು ಬೆಳಿಗ್ಗೆ ಪ್ರಾರ್ಥನೆ ಮಾಡಲು ಬಂದ ಪಾಸ್ಟರನ್ನು ಅವನು ಹೊರಗೆ ಕಳಿಸಿದ್ದ. ದೇವರನ್ನೂ ಸೇರಿಸಿ ಬೈದಿದ್ದ. ಇವರು ಅಲ್ಲೇ ಇದ್ದರು, ಕೇಳಿಸಿಕೊಂಡರು. ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾನು ಬಿಳಿ ಕೋಟಿನಲ್ಲೇ ಮೇಲೆ ಹೋದೆ. ಇವರು ಕೆಲಸಕ್ಕೆ ಹೋಗಿಯಾಗಿತ್ತು. ಕೈಸನ್ನೆ ಮಾಡಿ ಹತ್ತಿರ ಕರೆದ.

"ಅತ್ತಿಗೆ, ಅಮ್ಮಂಗೆ ಹೇಳ್ಬಿಡಿ, ಕೊನೆಗೆ ಪ್ರಾರ್ಥನೆ ಮಾಡಿದ ಅಂತ. ಸುಳ್ಳೇ. ಆದ್ರೂ ಹೇಳಿ."

ಸಂಜೆ ಹೋಗಿಬಿಟ್ಟ.

ಸುಳ್ಳು ಹೇಳಲು ಬಾಯಿ ಬರಲಿಲ್ಲ. ನಿಜ ಹೇಳೋಣವೆಂದರೆ — ಪ್ರಾರ್ಥನೆ ಮಾಡಲಿಲ್ಲ, ಮಾಡಿದ ಅಂತ ಹೇಳಿಸಲು ನೋಡಿದ — ಇದನ್ನು ಯಾವ ತಾಯಿಗೆ ಹೇಳಲಿ? ಎರಡನ್ನೂ ನುಂಗಿಕೊಂಡೆ.

ಅತ್ತೆ ಇಷ್ಟು ದಿನ ಕೇಳಿರಲಿಲ್ಲ. ಈಗ ಯಾಕೆ?


ಜೂನ್ 6

ಯಾಕೆಂದು ಗೊತ್ತಾಯಿತು.

ಕಣ್ಣು ಕಾಣದ ಅತ್ತೆ ಬೆರಳಿನಿಂದ ಮುಟ್ಟಿ ಓದಲೆಂದು ಬ್ರೈಲ್ ಲೈಬ್ರರಿಯವರು ಯಾವಾಗಲೂ ಒಂದೊಂದೇ ಸಂಪುಟ ಕಳಿಸುತ್ತಾರೆ. ಬೈಬಲ್ ಪೂರ್ತಿ ಬ್ರೈಲಿನಲ್ಲಿ ಒಂದು ಬೀರು ತುಂಬುತ್ತದೆ. ಯೇಸುವಿನ ಕಥೆ ಹೇಳುವ ಒಂದೊಂದು ಸುವಾರ್ತೆಯೇ ದಿಂಬಿನಷ್ಟು ದಪ್ಪ. ಈ ಸಲ ಅಲ್ಲಿ ಯಾರೋ ಕೈತಪ್ಪಿ ಎರಡು ಕಳಿಸಿದ್ದಾರೆ, ಮತ್ತಾಯ, ಲೂಕ. ಅತ್ತೆಗೆ ಹಬ್ಬ. ಊಟದ ಮೇಜಿನ ಮೇಲೆ ಎರಡನ್ನೂ ಪಕ್ಕಪಕ್ಕ ಬಿಡಿಸಿಟ್ಟುಕೊಂಡು, ಎಡಗೈ ಮತ್ತಾಯನ ಮೇಲೆ, ಬಲಗೈ ಲೂಕನ ಮೇಲೆ. ಇಲ್ಲಿ ಎರಡು ಸಾಲು, ಅಲ್ಲಿ ಎರಡು ಸಾಲು. ನಮ್ಮ ತಟ್ಟೆಗಳಿಗೆ ಜಾಗವಿಲ್ಲ. ಇವರು ಫ್ರಿಜ್ ಮೇಲೆ ತಟ್ಟೆ ಇಟ್ಟುಕೊಂಡು ನಿಂತೇ ತಿಂದರು.

ಇವತ್ತು ಆಸ್ಪತ್ರೆಯಿಂದ ಬಂದಾಗ ಕೈ ಆಡುತ್ತಿರಲಿಲ್ಲ. ಎರಡು ತೋರುಬೆರಳೂ ಒಂದೊಂದು ಕಡೆ ನಿಂತುಬಿಟ್ಟಿದ್ದವು.

"ಇಲ್ಲಿ ಮತ್ತಾಯದಲ್ಲಿ ಇಬ್ಬರೂ ಬೈದರು ಅಂತಿದೆ ಕಣೇ. ಶಿಲುಬೆ ಮೇಲೆ, ಯೇಸುವಿನ ಆ ಕಡೆ ಈ ಕಡೆ ಇದ್ದ ಇಬ್ಬರು ಕಳ್ಳರೂ."

"ಲೂಕದಲ್ಲಿ ಒಬ್ಬ ಬೈಯಲ್ಲವಲ್ಲ ಅತ್ತೆ. ನನ್ನ ನೆನಪಿಟ್ಟುಕೋ ಅಂತಾನೆ."

"ಅದೇ. ಇಲ್ಲಿ ಅವನೇ ಇಲ್ಲ. ಮಂಗಳವಾರದಿಂದ ಹುಡುಕ್ತಿದ್ದೀನಿ."

ತೀರಿಹೋದ ಮಾವ ನಲವತ್ತು ವರ್ಷ ಚರ್ಚಿನ ಬೋಧಕರು. ಬೈಬಲಿನಲ್ಲಿ ಒಂದಕ್ಕೊಂದು ಹೊಂದದ ಮಾತೇ ಇಲ್ಲ ಅಂತ ಮೇಜು ಗುದ್ದಿ ಹೇಳುತ್ತಿದ್ದವರು. ಅತ್ತೆಯೂ ಆ ಪುಟವನ್ನು ಕಣ್ಣಿದ್ದಾಗ ಎಷ್ಟು ಸಲ ಓದಿದ್ದಾರೋ. "ಕಣ್ಣು ಓಡ್ತಿತ್ತು. ಗೊತ್ತಿರೋ ಕಥೆ ಅಂತ ಹಾರಿಸ್ಕೊಂಡು ಹೋಗ್ತಿತ್ತು. ಈ ಬೆರಳಿಗೆ ಹಾರೋಕೆ ಬರಲ್ಲ."

ಎರಡು ವರ್ಷದಿಂದ ಅವರು ಹಿಡಿದುಕೊಂಡಿದ್ದದ್ದು ಆ ಒಬ್ಬನನ್ನೇ. ಆಯುಷ್ಯವೆಲ್ಲ ದಾರಿ ತಪ್ಪಿ, ಕೊನೆ ಗಳಿಗೆಯಲ್ಲಿ ತಿರುಗಿದವನು. ಅವನಿಗೆ ಸಿಕ್ಕಿದ ಸ್ವರ್ಗ ಇವರ ಮಗನಿಗೂ ಸಿಕ್ಕಿರಬಹುದು ಅಂತ. ಮತ್ತಾಯ ಬರೆದದ್ದೇ ಪೂರ್ತಿ ನಿಜವಾದರೆ, ಆ ಒಬ್ಬನೇ ಇಲ್ಲ. ಆಮೇಲೆ ಚಿಕ್ಕೋನು ಎಲ್ಲಿ?


ಜೂನ್ 7

ಎರಡೂ ಪುಸ್ತಕ ಮುಚ್ಚಿಟ್ಟಿದ್ದಾರೆ. ಬೆಳಗಿನ ಪ್ರಾರ್ಥನೆ ಇಲ್ಲ. ಕೇಳಿದ್ದಕ್ಕೆ "ಬಾಯಿ ಕಹಿ" ಅಂದರು.


ಜೂನ್ 12

ಐದು ದಿನ. ಟೀಗೆ ಅದ್ದಿದ ಎರಡು ಬ್ರೆಡ್ ಬಿಟ್ಟರೆ ಹೊಟ್ಟೆಗೆ ಏನೂ ಸೇರುತ್ತಿಲ್ಲ. ಇವರು ನಗಿಸಲು ನೋಡಿದರು. ಲಿಫ್ಟ್ ರಿಪೇರಿ ಮಾಡುವವರ ಜೋಕುಗಳೆಲ್ಲ ಒಂದೇ ಥರ, ಮೇಲೆ ಹೋಗೋದು, ಕೆಳಗೆ ಬರೋದು. ಮೊದಲಾಗಿದ್ದರೆ ಅತ್ತೆಯೇ ಶುರು ಮಾಡುತ್ತಿದ್ದರು, "ನಿಮ್ಮಪ್ಪನೂ ಜನರನ್ನ ಮೇಲಕ್ಕೆ ಕಳಿಸೋ ಕೆಲಸಾನೇ ಮಾಡಿದ್ದು. ಅವರಿಗೆ ಸ್ಪೇರ್ ಪಾರ್ಟ್ಸ್ ಸಿಗ್ತಿರಲಿಲ್ಲ, ಅಷ್ಟೇ." ಈಗ ತುಟಿ ಅಲ್ಲಾಡಲಿಲ್ಲ.

ಅಡುಗೆಮನೆಯಲ್ಲಿ ಇವರು ಮೆಲ್ಲಗೆ, "ಆವತ್ತು ನಾನು ಅಮ್ಮಂಗೆ ಹೇಳಬಾರದಿತ್ತು, ಅವನು ಪಾಸ್ಟರನ್ನ ಓಡಿಸಿದ್ದು. ಕೇಳಿದರು, ಹೇಳಿಬಿಟ್ಟೆ."

"ನಡೆದದ್ದು ಹೇಳಿದ್ರಿ."

"ನಡೆದದ್ದೇ. ಆದ್ರೂ…" ಸಿಂಕಿನ ನಲ್ಲಿ ತೊಟ್ಟಿಕ್ಕದಿದ್ದರೂ ಬಿಗಿ ಮಾಡುತ್ತಾ ನಿಂತರು.

ಆಗಲೇ ಹೇಳಬಹುದಿತ್ತು ನಾನು. ಹೇಳಲಿಲ್ಲ.

ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಉತ್ತರಕ್ಕೆ ಬರವಿಲ್ಲ. ಮೊದಲು ಇಬ್ಬರೂ ಬೈದರು, ಆಮೇಲೆ ಒಬ್ಬನ ಮನಸ್ಸು ತಿರುಗಿತು ಅಂತ ಒಬ್ಬರು. ಮತ್ತಾಯ ಒಟ್ಟಾರೆ ಹೇಳಿದ್ದು, ಎಣಿಸಿ ಹೇಳಿದ್ದಲ್ಲ ಅಂತ ಇನ್ನೊಬ್ಬರು. ಇಬ್ಬರು ಬರೆದರು, ಎರಡು ಥರ ಬರೆದರು, ಹೊಂದಿಸಲು ಹೋಗಬೇಡಿ ಅಂತ ಮತ್ತೊಬ್ಬರು. ಪ್ರಾಮಾಣಿಕವಾಗಿ ನನಗೆ ಮೂರನೆಯದೇ ಸರಿ ಅನ್ನಿಸುತ್ತದೆ. ಶಾಲೆಯಲ್ಲಿ ಬೈಬಲ್ ಹೇಳಿಕೊಡುತ್ತಿದ್ದ ಸ್ಕ್ರಿಪ್ಚರ್ ಪೀರಿಯಡ್ಡಿನಿಂದಲೂ ಅನ್ನಿಸಿದೆ, ಕೈ ಎತ್ತಿ ಕೇಳಿರಲಿಲ್ಲ. ಆದರೆ ಅದನ್ನು ತೆಗೆದುಕೊಂಡು ಹೋಗಿ ಅತ್ತೆಯ ಮುಂದೆ ಇಡಲೇ? ಉಣ್ಣದೆ ಕೂತವರ ಮುಂದೆ ಖಾಲಿ ತಟ್ಟೆ ಇಟ್ಟ ಹಾಗೆ.


ಜೂನ್ 15, ಭಾನುವಾರ

ಅತ್ತೆ ಆರಾಧನೆಗೆ ಬಂದಿರಲಿಲ್ಲ. ಅದಕ್ಕೇ ಪಾಸ್ಟರ್ ಮಧ್ಯಾಹ್ನ ಮನೆಗೆ ಬಂದರು. ನನಗಿಂತ ಚಿಕ್ಕವರು, ಕುರ್ಚಿಯ ತುದಿಯಲ್ಲಿ ಕೂರುವವರು. ಅತ್ತೆ ಸುತ್ತಿ ಬಳಸಿ ಮಾತಾಡಲಿಲ್ಲ.

"ತಪ್ಪಿದೆಯೋ ಇಲ್ಲವೋ ಹೇಳಿ. ಲೂಕನ ಕಡೆಯೋ ಮತ್ತಾಯನ ಕಡೆಯೋ, ಎಲ್ಲಾದರೂ ಒಂದು ಕಡೆ."

"ತಪ್ಪಿಲ್ಲ ಅಮ್ಮ. ದೇವರೇ ಪ್ರೇರೇಪಿಸಿ ಬರೆಸಿದ್ದು. ಎರಡನ್ನೂ ಸೇರಿಸಿ ಓದಬೇಕು. ಮೊದಲು ಇಬ್ಬರೂ ಬೈದಿದ್ದಾರೆ, ಆಮೇಲೆ ಒಬ್ಬ…"

"ಅದು ನಮ್ಮ ಮನೆಯವರೂ ಹೇಳ್ತಿದ್ದ ಉತ್ತರವೇ. ಸೇರಿಸೋದು ನೀವು. ಬರೆದೋನು ಸೇರಿಸಿಲ್ಲವಲ್ಲ? ಒಬ್ಬ ಕೊನೇಲಿ ತಿರುಗಿದ ಅನ್ನೋದು ಸಣ್ಣ ಮಾತಾ? ಗೊತ್ತಿದ್ದೋನು ಯಾರಾದ್ರೂ ಅಂಥದ್ದನ್ನ ಹೇಳದೆ ಬಿಡ್ತಾರಾ?"

ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಕಪ್ಪುಗಳು ಸದ್ದು ಮಾಡಿದವು. ಅತ್ತೆ ಮುಖ ಇತ್ತ ತಿರುಗಿಸಿದರು.

ಪಾಸ್ಟರ್ ಮಡಿಲಲ್ಲಿದ್ದ ಬೈಬಲನ್ನು ಪಕ್ಕಕ್ಕೆ ಇಟ್ಟರು. ಆಮೇಲೆ, "ಗೊತ್ತಿಲ್ಲ ಅಮ್ಮ. ತಪ್ಪಿಲ್ಲ ಅಂತ ನಂಬ್ತೀನಿ. ಯಾಕೆ ಬಿಟ್ಟ ಅಂತ ಗೊತ್ತಿಲ್ಲ. ಆವತ್ತು ನಿಮ್ಮ ಮಗ ಹೋಗು ಅಂದಾಗ ನಾನೂ ಬೇಗ ಹೊರಟುಬಿಟ್ಟೆ. ಬೇಜಾರಾಗಿತ್ತು. ವರಾಂಡದಲ್ಲಾದರೂ ಸ್ವಲ್ಪ ಹೊತ್ತು ಕೂರಬಹುದಿತ್ತು."

ಅತ್ತೆ ತಡಕಾಡಿ ಅವರ ಕೈ ಹಿಡಿದರು. "ಅವನು ಬೈದಿದ್ದಕ್ಕೆ ನಾನು ಕ್ಷಮೆ ಕೇಳ್ತೀನಿ ಕಣಪ್ಪ. ಟೀ ಕುಡಿ. ಇವಳು ಸಕ್ಕರೆ ಕಮ್ಮಿ ಹಾಕ್ತಾಳೆ, ಬೇಕಾದ್ರೆ ಕೇಳಿ ಹಾಕಿಸ್ಕೋ."

ಗೊತ್ತಿದ್ದೋನು ಯಾರಾದ್ರೂ ಬಿಡ್ತಾರಾ. ಅಷ್ಟು ಹೊತ್ತಿನಿಂದ ತಲೆಯಲ್ಲಿ ಅದೇ ಸುತ್ತುತ್ತಿದೆ. ಬಿಡುತ್ತಾರೆ ಅತ್ತೆ. ಹೆದರಿದವರು ಬಿಡುತ್ತಾರೆ.


ಜೂನ್ 16. ಬೆಳಿಗ್ಗೆ, ಕೆಲಸಕ್ಕೆ ಹೊರಡುವ ಮೊದಲು

ಹೇಳಿದೆ.

ಅತ್ತೆಗೆ ಎರಡು ಥರದ ಡ್ರಾಪ್ಸ್. ದೃಷ್ಟಿ ಪೂರ್ತಿ ಹೋಗಿದ್ದರೂ ಒತ್ತಡ ಏರಿ ನೋವಾಗದಿರಲು ಹಾಕಲೇಬೇಕು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಐದು ನಿಮಿಷ ಬಿಡಬೇಕು, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಕೊಂಡು ಹೋಗುತ್ತದೆ. ಆ ಐದು ನಿಮಿಷ ಅವರು ಕಣ್ಣು ಮುಚ್ಚಿ ಒರಗಿಕೊಂಡಿರುತ್ತಾರೆ. ಮುಚ್ಚಿದ ಕಣ್ಣಿಗೆ ಹೇಳುವುದು ಸುಲಭ ಅನ್ನಿಸಿತು. ಕಾಣದ ಕಣ್ಣಿಗೆ ಮುಚ್ಚಿದರೇನು, ತೆರೆದರೇನು… ಸುಲಭ ನನಗೆ.

"ಅತ್ತೆ, ಚಿಕ್ಕೋನು ಅಂದಿದ್ದ."

ಅವನ ಮಾತನ್ನು ಅವನು ಹೇಳಿದ ಹಾಗೇ ಹೇಳಿದೆ. ಸುಳ್ಳೇ, ಆದ್ರೂ ಹೇಳಿ — ಅದನ್ನೂ ಬಿಡಲಿಲ್ಲ.

ಅವರು ಕಣ್ಣು ತೆರೆಯದೆ ಕೇಳಿದರು.

"ಸುಳ್ಳು ಹೇಳಿ ಅಂದನಾ?"

"ಹೂಂ."

"ನನಗೆ?"

"ನಿಮಗೇ."

ಹೊಟ್ಟೆಯಿಂದ ಸಣ್ಣಗೆ ಏನೋ ಎದ್ದಿತು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು. "ಪೋಕರಿ! ಚರ್ಚಿಗೆ ಬಾ ಅಂದ್ರೆ ಬರ್ತಿರಲಿಲ್ಲ, ನನಗೋಸ್ಕರ ಒಂದು ಸಲ ಬಾರೋ ಅಂದ್ರೂ ಬರ್ತಿರಲಿಲ್ಲ. ಸಾಯೋ ಹೊತ್ತಲ್ಲಿ ನನಗೋಸ್ಕರ ಸುಳ್ಳು ಕಟ್ಟಿದನಾ! ಅದೂ ನಿನ್ನ ಕೈಲಿ. ನಿನಗೆ ಸುಳ್ಳು ಹೇಳೋಕೆ ಬರಲ್ಲ ಅಂತ ಅವನಿಗೆ ಗೊತ್ತಿರಲಿಲ್ವಾ?"

ಆಮೇಲೆ ಅತ್ತರು. ಡ್ರಾಪೆಲ್ಲ ಕೊಚ್ಚಿಹೋಯಿತು. ಸೆರಗಿನಿಂದ ಒರೆಸಿದೆ.

"ನಿನಗೆ ಯಾಕೆ ಹೇಳೋಕಾಗಲಿಲ್ಲ ಅಂತ ಕೇಳಲ್ಲ" ಅಂದರು. ನನ್ನ ಕೈ ಪಕ್ಕಕ್ಕೆ ಸರಿಸಿ, "ಅಂದರೆ ಪ್ರಾರ್ಥನೆ ಮಾಡಲಿಲ್ಲ."

"ಇಲ್ಲ ಅತ್ತೆ. ನಾನಿದ್ದಷ್ಟು ಹೊತ್ತು ಮಾಡಲಿಲ್ಲ."

"ನೀನಿದ್ದಷ್ಟು ಹೊತ್ತು."

"ಹೌದು."

"ನೀನು ಯಾವಾಗ ಕೆಳಗೆ ಹೋದೆ?"

"ಊಟದ ಬಿಡುವು ಮುಗಿದ ತಕ್ಷಣ. ಕೌಂಟರಿನಲ್ಲಿ ಜನ ಇದ್ದರು."

"ಅವನು ಹೋಗಿದ್ದು ಸಂಜೆ."

"ಹೂಂ."

"ನಡುವೆ ಅವನ ಹತ್ರ ಯಾರಿದ್ದರು?"

ನೆನಪು ಮಾಡಿಕೊಂಡೆ. ಇವರು ಲಿಫ್ಟ್ ಕೆಟ್ಟಿತೆಂದು ಊರಿನ ಆ ತುದಿಗೆ ಹೋಗಿದ್ದರು. ನರ್ಸ್ ಬಂದು ಹೋಗುತ್ತಿದ್ದಳು. ಪಕ್ಕದ ಹಾಸಿಗೆಯವರನ್ನು ಆವತ್ತೇ ಡಿಸ್ಚಾರ್ಜ್ ಮಾಡಿದ್ದರು.

"ಯಾರೂ ಇರಲಿಲ್ಲ ಅತ್ತೆ."

ಅವರು ತಲೆ ಆಡಿಸಿದರು. ಮತ್ತೆ ಆಡಿಸಿದರು. ಕೇಳಬೇಕಾದ್ದನ್ನು ಕೇಳಿಸಿಕೊಂಡವರ ಹಾಗೆ. ಮುಖ ಮೇಲೆತ್ತಿ, "ಹಾಕು" ಅಂದರು. ಮೊದಲಿನಿಂದ ಹಾಕಿದೆ.

ಡ್ಯೂಟಿಗೆ ತಡವಾಗುತ್ತದೆ. ಆಗಲಿ.


ಅದೇ ದಿನ, ಸಂಜೆ

ಇವರಿಗೂ ಹೇಳಿದೆ. ಕೈಯಲ್ಲಿನ ಗ್ರೀಸ್ ತೊಳೆಯುತ್ತಿದ್ದರು. ಸೋಪು ಹಚ್ಚಿದ ಕೈ ಹಾಗೇ ನಿಂತಿತು.

"ಎರಡು ವರ್ಷ ನನಗೂ ಹೇಳಲಿಲ್ಲ ನೀನು."

"ಇಲ್ಲ."

"ಅವನ ಕೊನೇ ಮಾತು ನಾನು ಕೇಳಿದ್ದೇ ಅಂದುಕೊಂಡಿದ್ದೆ. ಅದನ್ನೇ ತಲೆಮೇಲೆ ಹೊತ್ಕೊಂಡು ಓಡಾಡಿದೆ." ದನಿಯಲ್ಲಿ ಸಿಟ್ಟಿತ್ತು. ಇರಬೇಕಾದ್ದೇ. ಆಮೇಲೆ ಸಿಟ್ಟು ಎಲ್ಲೋ ಜಾರಿತು. "ಪ್ರಾರ್ಥನೆ ಮಾಡಿದ ಅಂತ ಹೇಳಿ ಅಂದನಾ… ಯಾವ ಮುಖ ಇಟ್ಕೊಂಡು ಅಂದ?"

"ಪರೀಕ್ಷೇಲಿ ಕಾಪಿ ಹೊಡೆಯೋನ ಮುಖ."

ನಕ್ಕರು. ಸೋಪಿನ ಕೈಯಲ್ಲೇ ಕಣ್ಣೊರೆಸಿಕೊಂಡು, ಉರಿ ಉರಿ ಅಂತ ಕುಣಿದರು. ಕಣ್ಣಿಗೆ ನೀರು ಹಾಕಿಕೊಟ್ಟೆ. ಈ ಮನೆಯಲ್ಲಿ ನನ್ನದು ಕಣ್ಣು ತೊಳೆಯುವ ಕೆಲಸವೇ ಆಯಿತು.


ಜೂನ್ 24

ಬರೆಯಲು ಬಿಡುವಿರಲಿಲ್ಲ. ಒಳ್ಳೆಯ ಕಾರಣಕ್ಕೇ. ಅತ್ತೆ ಉಣ್ಣುತ್ತಿದ್ದಾರೆ, ಬೈಯುತ್ತಿದ್ದಾರೆ, ಉಪ್ಪು ಸಾಲದು ಅನ್ನುತ್ತಿದ್ದಾರೆ. ಮೇಜು ಮತ್ತೆ ನಮ್ಮ ಕೈ ತಪ್ಪಿದೆ. ಎಡಗೈ, ಬಲಗೈ.

ಪ್ರಾರ್ಥನೆಯಲ್ಲಿ ಏನು ಹೇಳಿಕೊಳ್ಳುತ್ತಾರೋ ಕೇಳಿಸುವುದಿಲ್ಲ. ಮೊದಲಿಗಿಂತ ಉದ್ದ.

ನಾನೇ ಕೆಣಕಿದೆ. "ಈಗ ಯಾರು ಸರಿ ಅತ್ತೆ? ಮತ್ತಾಯನೋ, ಲೂಕನೋ?"

"ನಿನ್ನ ದೇವರು ಇಂಗ್ಲಿಷ್ ಮೀಡಿಯಂ. ಟಿಕ್ ಹಾಕು, ಇಲ್ಲ ಇಂಟು ಹಾಕು ಅಂತಾನೆ." ಬೆರಳು ಸಾಲಿನ ಮೇಲೆ ಓಡುತ್ತಲೇ ಇತ್ತು. "ದೇವರು ಬರೆಸಿದ್ದು ಅಂತಲೇ ನಾನನ್ನೋದು. ಸಾಯೋ ತನಕ ಅದೇ ಅಂತೀನಿ. ಆದ್ರೆ ಒಬ್ಬನ ಕೈಲೇ ಪೂರ್ತಿ ಬರೆಸಲಿಲ್ಲ ನೋಡು ಅವನು. ಯಾಕೋ. ಸಿಕ್ಕಿದಾಗ ಕೇಳ್ತೀನಿ."

ನನ್ನ ಲೆಕ್ಕದಲ್ಲಿ ಎರಡೂ ಇವತ್ತಿಗೂ ಹೊಂದುವುದಿಲ್ಲ. ಅತ್ತೆಯ ಮನಸ್ಸಿಗಾಗಿ ಹೊಂದುತ್ತದೆ ಅಂತ ಇಲ್ಲಿ ಬರೆದರೆ ಅದು ಸುಳ್ಳಾಗುತ್ತದೆ. ಆದರೆ ಹೊಂದದೆ ಇರುವುದನ್ನು ಇಷ್ಟು ದಿನ ಒಡಕು ಅಂತಲೇ ನೋಡುತ್ತಿದ್ದೆ, ಅಲ್ಲಿಂದ ಸೋರಿಹೋಗುತ್ತದೆ ಅಂತ. ಅತ್ತೆ ಅದರೊಳಗೆ ಮಗನನ್ನು ಕೂರಿಸಿಟ್ಟಿದ್ದಾರೆ, ಯಾರೂ ನೋಡದ ಆ ಮಧ್ಯಾಹ್ನದ ಜೊತೆ. ಅದನ್ನು ತಪ್ಪು ಅನ್ನಲು ನಾನು ಯಾರು? ಆ ಮಧ್ಯಾಹ್ನ ನಾನೂ ಕೆಳಗೆ ಹೋಗಿಬಿಟ್ಟಿದ್ದೆನಲ್ಲ.


ಜೂನ್ 27, ಶುಕ್ರವಾರ

ಲೈಬ್ರರಿಯಿಂದ ಫೋನು. ಎರಡು ಕಳಿಸಿದ್ದು ತಮ್ಮದೇ ತಪ್ಪಂತೆ. ಲೂಕನಿಗೆ ಇನ್ನೊಬ್ಬ ಓದುಗರು ಕಾಯುತ್ತಿದ್ದಾರಂತೆ, ಎರಡು ಸಲ ವಿಚಾರಿಸಿದ್ದಾರೆ. ಮತ್ತಾಯನಿಗೆ ಅವಸರವಿಲ್ಲ. ಅತ್ತೆಗೆ ಹೇಗೆ ಹೇಳಲಿ ಅಂತ ಫೋನು ಹಿಡಿದೇ ನಿಂತಿದ್ದೆ. ಅವರಿಗೆ ಎಲ್ಲವೂ ಕೇಳಿಸಿತ್ತು.

"ಲೂಕನ್ನ ಕಳಿಸಿಬಿಡು. ಕಾಯಿಸಬಾರದು. ಯಾವ ಮನೇಲಿ ಯಾರು ಹೋಗಿದ್ದಾರೋ."

"ಮತ್ತಾಯನ ಬದಲು ಲೂಕನೇ ಇರಲಿ ಅಂತ ಕೇಳಿ ನೋಡಲಾ ಅತ್ತೆ?"

"ಬೇಡ. ಲೂಕ ಹೇಳಿದ್ದು ನನಗೆ ಬಾಯಿಪಾಠ. ಇವನ ಹತ್ರ ಇನ್ನೂ ಸ್ವಲ್ಪ ಕೂರಬೇಕು ನಾನು."

ತಾವೇ ಲೂಕವನ್ನು ಕ್ಯಾನ್ವಾಸ್ ಚೀಲಕ್ಕೆ ಹಾಕಿ, ಬೆಲ್ಟು ಬಿಗಿದು, ಬಕಲ್ ಮುಟ್ಟಿ ಮುಟ್ಟಿ ನೋಡಿದರು. ಚುಕ್ಕಿಗಳು ನಜ್ಜಬಾರದು, ಮೇಲೆ ಭಾರ ಇಡಬೇಡಿ ಅಂತ ಪೋಸ್ಟಿನವರಿಗೆ ಹೇಳಬೇಕಂತೆ. ಹೇಳುತ್ತೇನೆ. ಇವತ್ತು ಪೋಸ್ಟ್ ಆಫೀಸಿನ ಹೊತ್ತು ಮೀರಿತು. ನಾಳೆ ಇಡೀ ದಿನ ಡ್ಯೂಟಿ. ಸೋಮವಾರ, ಮೂವತ್ತನೇ ತಾರೀಖು, ಬೆಳಿಗ್ಗೆ ಮೊದಲ ಕೆಲಸವೇ ಅದು. ಅತ್ತೆ ಕರೆಯುತ್ತಿದ್ದಾರೆ, ಡ್ರಾಪ್ಸಿನ ಹೊತ್ತು.