ಹಾಯಿಯ ಕೊನೆಯ ಮೂಲೆ

ಹಿಡಕಲ್ ಹಿನ್ನೀರಿನ ದಂಡೆ,
ಹುಕ್ಕೇರಿ ತಾಲ್ಲೂಕು
೧೭ ನವೆಂಬರ್ ೨೦೨೪

ಚಿರಂಜೀವಿ ಸುಜಾತಾಗೆ ನಿನ್ನ ಅತ್ತೆ ಪಾರವ್ವ ಮಾಡುವ ಆಶೀರ್ವಾದಗಳು.

ನಾವಿಬ್ಬರೂ ಆರಾಮ ಇದ್ದೇವೆ. ಮೂಡಲಗಿಯಲ್ಲಿ ನೀನು, ನಿನ್ನ ಅಪ್ಪ, ಅವ್ವ ಎಲ್ಲರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಯುಗಾದಿಗೇ ಬರೆಯಬೇಕೆಂದಿದ್ದೆ, ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ನಾನು "ಊಟ ಆತೇನವಾ" ಅನ್ನುತ್ತೇನೆ, ನೀನು "ಹೂಂ ಅತ್ತಿ" ಅನ್ನುತ್ತೀ, ಆಮೇಲೆ ಇಬ್ಬರಿಗೂ ಮಾತು ಸಿಗುವುದಿಲ್ಲ. ಈಗೀಗ ನೀನು ಫೋನ್ ಎತ್ತುವುದೂ ಕಡಿಮೆ. ನಾನು ಏಳನೆಯ ಇಯತ್ತೆವರೆಗೆ ಕಲಿತವಳು. ಸಂಜೆ ಡೈರಿಯಲ್ಲಿ ನಾಲ್ಕು ಸಾಲು ಗೀಚುವ ರೂಢಿ ಇರುವುದರಿಂದ ಬಾಯಿಗಿಂತ ಕೈಯೇ ನನಗೆ ಸಲೀಸು. ಬಾಜೂ ಮನೆಯ ಸತ್ತೆವ್ವ ನಾಳೆ ನಿಮ್ಮೂರಿಗೆ ಮಗಳ ಮನೆಗೆ ಬರುತ್ತಿದ್ದಾಳೆ. ಅವಳ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಸುದ್ದಿ ಏನೆಂದರೆ, ಮಲ್ಲೇಶನ ದೋಣಿ ನೀರಿನ ಮೇಲೆ ನಿಂತಿದೆ. ಹಾಯಿ ಕಟ್ಟುವುದೊಂದು ಬಾಕಿ. ನೀನು ಬಂದ ಮೇಲೆಯೇ ಕಟ್ಟುವುದೆಂದು ನಿನ್ನ ಮಾವ ಹಟ ಹಿಡಿದಿದ್ದಾರೆ. ಬರುತ್ತೀಯಾ ಎಂದು ಕೇಳುವುದಕ್ಕೇ ಈ ಪತ್ರ.

ಆ ದೋಣಿ ಮನೆಗೆ ಬಂದ ದಿನ ನಿನಗೆ ನೆನಪಿರಬೇಕು. ಗೋಕಾಕದಿಂದ ಬಟ್ಟೆ ಒಗೆಯುವ ಮಷಿನ್ ತರುತ್ತೇನೆಂದು ಬೆಳಿಗ್ಗೆ ಹೋದ ಮಲ್ಲೇಶ, ಸಂಜೆ ಕಬ್ಬಿನ ಟ್ರ್ಯಾಲಿಯಲ್ಲಿ ದೋಣಿ ಹೇರಿಕೊಂಡು ಬಂದ. ಡ್ಯಾಮಿನ ಕಾಲನಿಯಲ್ಲಿ ಯಾವ ಕಾಲದಲ್ಲೋ ಯಾರೋ ಸಾಹೇಬರು ಮಾಡಿಸಿದ್ದಂತೆ. ಬೇವಿನ ಮರದ ಕೆಳಗೆ ಬೋರಲು ಬಿದ್ದಿತ್ತಂತೆ. ದಾರಿಯಲ್ಲಿ ಅಲ್ಲಿ ಪಂಪ್ ರಿಪೇರಿಗೆ ನಿಂತವನಿಗೆ ಮಷಿನ್ ಮರೆತೇಹೋಯಿತು.

ನೀನು ಬಾಗಿಲಲ್ಲಿ ನಿಂತು, "ಇದರಾಗ ಅರಬಿ ಒಗೀಲೇನ್ರಿ?" ಅಂದಿದ್ದೆ.

"ಒಗ್ಯಾಕ ಬ್ಯಾಡ. ನಿನ್ನ ಇದರಾಗ ಕೂಡಿಸಿ ನೀರ ತುಂಬ ತಿರುಗಸ್ತೇನಿ."

"ಮೊದಲ ನಿಮಗ ಈಜ ಬರತೈತೇನು, ಅದನ್ನ ಹೇಳ್ರಿ."

ನಾನು ಸೆರಗು ಬಾಯಿಗೆ ಹಿಡಿದು ಒಳಗೆ ಓಡಿದ್ದೆ. ನೀನು ಅವನೊಡನೆ ಮಾತು ಬಿಟ್ಟೆ. ಅವನು ಕರದಂಟಿನ ಡಬ್ಬಿ ತಂದು ನಿನ್ನ ಮುಂದೆ ಇಟ್ಟ. ನೀನು ಒಂದು ತುಂಡು ನನಗೆ ಕೊಟ್ಟು, ಒಂದು ನೀನು ತಿಂದು, ಡಬ್ಬಿ ಮುಚ್ಚಿಟ್ಟೆ. ಅವನಿಗೆ ಕೊಡಲೇ ಇಲ್ಲ. ಆ ಮಳೆಗಾಲದಲ್ಲಿ ಅವನಿಗೆ ಜ್ವರ ಬಂತು. ಮುಂದಿನದು ಬರೆಯುವುದಿಲ್ಲ.

ಮಗ ಹೋದ ಮೇಲೆ ದೋಣಿ ತಾಡಪತ್ರಿಯ ಕೆಳಗೆ ಹಿತ್ತಲಲ್ಲೇ ಇತ್ತು. ಈ ಬೇಸಿಗೆಯಲ್ಲಿ ಒಂದು ದಿನ ನಿನ್ನ ಮಾವ ತಾಡಪತ್ರಿ ತೆಗೆದರು. "ನಮ್ಮ ಮನಿತಾನದಾಗ ಯಾರೂ ಹರಗೋಲ ಸುದ್ದಾ ಹತ್ತಿದವರಲ್ಲ. ಈ ವಯಸ್ಸಿನಾಗ ಯಾಕ ಬೇಕ್ರಿ?" ಅಂದೆ.

"ಅವ ಅರ್ಧಕ್ಕ ಬಿಟ್ಟ ಕೆಲಸದಾಗ ನನ್ನ ಕೈಗೆ ಸಿಗೂದು ಇದೊಂದ ಪಾರೂ" ಅಂದರು. ಆಮೇಲೆ ನಾನು ಬೇಡ ಅನ್ನಲಿಲ್ಲ.

ದೋಣಿ ರಿಪೇರಿ ನಮಗೇನು ಗೊತ್ತು? ಮನೆಯ ಬಾಗಿಲಿಗೆ ಏನು ಮಾಡುತ್ತೇವೋ ಅದನ್ನೇ ಮಾಡಿದೆವು. ಹಳೆ ಬಣ್ಣ ಕೆರೆದು, ಬಿಸಿಲಿಗೆ ಒಣಗಿಸಿ, ಅಗಸೆ ಎಣ್ಣೆ ಕುಡಿಸಿ, ಮತ್ತೆ ಒಣಗಿಸಿದೆವು. ಮಳೆ ಹನಿ ಕಂಡರೆ ಸಾಕು, ಹಪ್ಪಳ ಒಣಹಾಕಿದವರ ಹಾಗೆ ಓಡಿ ಮುಚ್ಚುತ್ತಿದ್ದೆವು. ಒಂದು ಹನಿ ನೀರು ತಾಗದಂತೆ ಕಾಯ್ದು, ಮೇಲೆ ನೀಲಿ ಬಣ್ಣ ಬಳಿದೆವು. ಬಾಸಿಂಗ ಕಟ್ಟಿದ ಮದುಮಗನ ಹಾಗೆ ಕಾಣುತ್ತಿತ್ತು.

ದಸರೆ ಮುಗಿದ ಮೇಲೆ ವಿಭೂತಿ ಹಚ್ಚಿ ನೀರಿಗೆ ನೂಕಿದೆವು. ನಿನ್ನ ಮಾವ ಕಾಯಿ ಹಿಡಿದುಕೊಂಡು ಒಳಗೆ ನಿಂತಿದ್ದರು. ಒಂದೊಂದು ಹಲಗೆಯ ಸಂದಿನಿಂದಲೂ ನೀರು ಚಿಮ್ಮಿತು. ಕಾಯಿ ಒಡೆಯುವುದರೊಳಗೆ ದೋಣಿ ತಳ ಮುಟ್ಟಿತು. ಸೊಂಟದಮಟ್ಟ ನೀರಿನಲ್ಲಿ ಕಾಯಿ ಎತ್ತಿ ಹಿಡಿದು ಅವರು ಹಾಗೇ ನಿಂತಿದ್ದಾರೆ! ಬಲೆ ಬೀಸುತ್ತಿದ್ದ ಭೀಮರಾಯ ಕೂಗಿದ: "ಮುರಿಗೆಪ್ಪಣ್ಣಾ, ಮೀನ ಹಿಡ್ಯಾಕ ಬಂದಿಯೋ, ಮೀನಿನ ಮನಿಗೆ ಬೀಗತನಕ್ಕ ಹೊಂಟಿಯೋ?"

ದಂಡೆಯಲ್ಲಿದ್ದವರೆಲ್ಲ ನಕ್ಕರು. ನಿನ್ನ ಮಾವ ನಗಲಿಲ್ಲ. ಒದ್ದೆ ಧೋತರದಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು. "ನನ್ನ ಕೈಯಾಗ ಇದೂ ಉಳೀಲಿಲ್ಲ" ಅಂದರು. ಆ "ಇದೂ" ಕೇಳಿ ನಾನು ಅವರ ಕೈಯಿಂದ ಕಾಯಿ ತೆಗೆದುಕೊಂಡು ಪಕ್ಕದಲ್ಲಿ ಕೂತೆ. ಭೀಮರಾಯನೂ ಬಲೆ ಬಿಟ್ಟು ಹತ್ತಿರ ಬಂದ. "ಡಾಂಬರ ಬಳದ ನೋಡ್ರಿ ಅಣ್ಣಾರ. ನಮ್ಮದು ಬಿದಿರಬುಟ್ಟಿ ಹರಗೋಲ, ಹಲಗಿ ದೋಣಿ ಸುದ್ದಿ ನನಗೂ ತಿಳ್ಯಾಂಗಿಲ್ಲ" ಅಂದ.

ಮರುದಿನ ನಿನ್ನ ಮಾವ ದೋಣಿಯನ್ನು ಮೇಲೆತ್ತಿ ಒಣಗಿಸಲು ಜನರನ್ನು ಕರೆಯಲು ಹೊರಟಿದ್ದರು. ನಾನು ಜೋಳ ಹಸನು ಮಾಡುತ್ತಿದ್ದೆ. ಯಾಕೋ ನನ್ನ ಅಪ್ಪನ ಚಕ್ಕಡಿ ನೆನಪಾಯಿತು. ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಗಾಲಿ ಸಡಿಲಾಗಿ ಗಡಗಡ ಅನ್ನುತ್ತಿತ್ತು, ಕಬ್ಬಿಣದ ಪಟ್ಟಿ ಕಳಚಿ ಬರುತ್ತಿತ್ತು.

"ಎತ್ತಬ್ಯಾಡ್ರಿ, ಅಲ್ಲೇ ಇರ್ಲಿ" ಅಂದೆ.

"ಮುಳಗಿದ್ದು ಅಲ್ಲಿ ಇದ್ದ ಏನ ಮಾಡತೈತಿ?"

"ನಿಮ್ಮ ಚಕ್ಕಡಿ ಗಾಲಿ ಸಡಲಾದರ ಎಲ್ಲಿ ಹಾಕತಿದ್ರಿ?"

"ಹಳ್ಳದಾಗ" ಅಂದವರು ಹಾಗೇ ನನ್ನ ಮುಖ ನೋಡಿದರು. ಹಣೆ ಬಡಿದುಕೊಂಡು ನಕ್ಕರು. ಮಲ್ಲೇಶ ಹೋದ ಮೇಲೆ ಅವರು ಹಲ್ಲು ಕಾಣುವ ಹಾಗೆ ನಕ್ಕಿದ್ದು ಅದೇ ಮೊದಲು, ಸುಜಾತಾ. ನೀರಿನಲ್ಲಿ ಇರಬೇಕಾದದ್ದನ್ನು ನೀರಿನಿಂದ ಕಾಯ್ದು ನಾವೇ ಹಾಳು ಮಾಡಿದ್ದೆವು. ಒಳಗೆ ಕಲ್ಲು ಹೇರಿ, ಅದು ಪೂರ್ತಿ ಮುಳುಗಿರುವಂತೆ ಬಿಟ್ಟೆವು. ದಿನಾ ಬೆಳಿಗ್ಗೆ ಚಾ ಕುಡಿದು ಇಬ್ಬರೂ ಹೋಗಿ ನೋಡಿ ಬರುತ್ತಿದ್ದೆವು, ಬಾಣಂತಿ ಮನೆಗೆ ಹೋಗಿ ಬಂದ ಹಾಗೆ. ಹಲಗೆ ಉಬ್ಬಿ ಸಂದು ಕೂಡಿಕೊಂಡ ಮೇಲೆ ಕಲ್ಲು ತೆಗೆದು ನೀರು ತೋಡಿದೆವು. ದೋಣಿ ಎದ್ದಿತು. ತಳದಲ್ಲಿ ಈಗಲೂ ಒಂದಿಷ್ಟು ನೀರು ಬರುತ್ತದೆ. "ಅಷ್ಟ ಇರಬೇಕು" ಅನ್ನುತ್ತಾರೆ ನಿನ್ನ ಮಾವ, ದೊಡ್ಡ ತಿಳಿದವರ ಹಾಗೆ.

ಹಾಯಿಯ ಕಥೆ ಬೇರೆ. ಹಳೆಯ ಹಾಯಿಯನ್ನು ಇಲಿಗಳು ತಿಂದಿದ್ದವು. ಹಳೆ ಟೆಂಟಿನ ಬಟ್ಟೆ ತಂದು ಅದೇ ಅಳತೆಗೆ ಕತ್ತರಿಸಿದೆ. ಬಟ್ಟೆ ತೆಳ್ಳಗಿದೆ ಅನಿಸಿ, ಟ್ರಂಕಿನಲ್ಲಿದ್ದ ಮಲ್ಲೇಶನ ಅಂಗಿಗಳನ್ನೆಲ್ಲ ಹಿಂದೆ ಜೋಡಿಸಿ ಕೌದಿಯ ಹಾಗೆ ದಟ್ಟ ಹೊಲಿಗೆ ಹಾಕಿದೆ. ಸತ್ತೆವ್ವನೂ ಸೂಜಿ ಹಿಡಿದಳು. ಮುಗಿದಾಗ ನಾವಿಬ್ಬರೂ ಸೇರಿದರೂ ಎತ್ತಲು ಆಗಲಿಲ್ಲ. "ಅಯ್ಯ ಪಾರವ್ವಾ, ದೋಣಿಗಿ ಏನ ಥಂಡಿ ಹತ್ತೇತೇನು, ಹೊಚ್ಚಿ ಮಲಗಿಸಾಕ?" ಅಂದಳು ಸತ್ತೆವ್ವ. ಗಾಳಿಗೆ ಅದು ಅಲುಗಲೂ ಇಲ್ಲ.

ಅಂಗಿಗಳನ್ನು ಬಿಚ್ಚಬೇಕಾಯಿತು. ಹೊಲಿಯುವುದಕ್ಕಿಂತ ಬಿಚ್ಚುವುದು ನಿಧಾನ. ನಿನ್ನ ಮೊದಲ ಪಂಚಮಿಗೆ ಅವನು ಹಾಕಿದ್ದ ಗೆರೆಯ ಅಂಗಿ, ಗ್ರೀಸ್ ಕಲೆ ಬಿದ್ದ ಖಾಕಿ ಅಂಗಿ, ಒಂದೊಂದೇ ಕೈಗೆ ಮರಳಿ ಬಂದವು. ಬಟ್ಟೆಗೆ ತೂತು ಇದ್ದಲ್ಲಿ ಮಾತ್ರ ಒಂದೊಂದು ತುಂಡು ಉಳಿಸಿದ್ದೇನೆ. ಉಳಿದವನ್ನು ತೊಳೆದು ಮಡಚಿಟ್ಟೆ. ಈಗ ಹಾಯಿ ಹಗುರಾಗಿದೆ.

ಒಂದು ಮೂಲೆ ಮಾತ್ರ ಮುಚ್ಚಿಲ್ಲ. ನನ್ನ ತವರಿನಲ್ಲಿ ಕೌದಿಯ ಕೊನೆಯ ಮೂಲೆಗೆ ನಾಲ್ಕು ಕಾಳು ಜೋಳ ಹಾಕಿ ಮುಚ್ಚುತ್ತಾರೆ, ಅದರ ಹೊಟ್ಟೆ ಖಾಲಿ ಇರಬಾರದೆಂದು. "ನೀರ ತಾಗಿ ಮೊಳಕಿ ಬಂದರ?" ಎಂದು ನಿನ್ನ ಮಾವ ಕಾಡಿಸುತ್ತಾರೆ. ಬರಲಿ ಬಿಡು. ಆ ಮೂಲೆಯನ್ನು ನೀನು ಬಂದು ಮುಚ್ಚಬೇಕೆಂದು ನನ್ನ ಆಸೆ.

ನಿನ್ನ ಅಪ್ಪ ಅವ್ವನಿಗೆ ನಮ್ಮ ಶರಣು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ಬಸವಣ್ಣ ನಿನ್ನನ್ನು ತಂಪಾಗಿ ಇಡಲಿ.

ಇಂತಿ ನಿನ್ನ ಅತ್ತೆ,
ಪಾರವ್ವ

ತಾ.ಕ.: ಮುಚ್ಚಿದ ಪತ್ರವನ್ನು ಮತ್ತೆ ಬಿಚ್ಚಿದ್ದೇನೆ. ನಿನಗೆ ಘಟಪ್ರಭಾದಿಂದ ಸಂಬಂಧ ಬಂದದ್ದು, ನೀನು ಒಪ್ಪಿದ್ದು, "ಅತ್ತಿ ಮಾವಗ ಯಾವ ಬಾಯಿಲೆ ಹೇಳಲಿ" ಎಂದು ದಿನ ಗೊತ್ತು ಮಾಡಲು ಬಿಡದೆ ಇರುವುದು, ಎಲ್ಲವೂ ಸತ್ತೆವ್ವನಿಂದ ನನಗೆ ತಿಳಿದಿದೆ. ನಿನ್ನ ಮಾವನಿಗೂ ಹೇಳಿದೆ. ಅವರು "ಹುಡುಗಿ ಒಣಗಬಾರದು" ಅಂದರು. ಅಷ್ಟೇ.

ಹಾಯಿಯ ಆ ಮೂಲೆಗೆಂದು, ನೀನು ಟ್ರಂಕಿನಲ್ಲಿ ಬಿಟ್ಟುಹೋದ ಹಸಿರು ಇಳಕಲ್ ಸೀರೆ ತೆಗೆದು ಕತ್ತರಿ ಹಿಡಿದಿದ್ದೆ. ಕತ್ತರಿಸಲಿಲ್ಲ. ಸತ್ತೆವ್ವನ ಕೈಯಲ್ಲಿ ಕಳಿಸಿದ್ದೇನೆ, ಮದುವೆಯ ದಿನ ಉಟ್ಟುಕೋ. ಮೂಲೆಗೆ ನನ್ನ ಸೀರೆಯದೇ ತುಂಡು ಇಟ್ಟಿದ್ದೇನೆ. ಇಲ್ಲಿಗೆ ಬರುವಾಗ ಘಟಪ್ರಭಾದ ಅವರನ್ನೂ ಕರೆದುಕೊಂಡು ಬಾ. ನಿನ್ನನ್ನು ಕೂಡಿಸಿ ನೀರ ತುಂಬ ತಿರುಗಿಸುತ್ತೇನೆಂದು ಮಲ್ಲೇಶ ಆಡಿದ ಮಾತು ಬಾಕಿ ಇದೆ.

ನೀನು ಮದುವೆಯಾಗುವುದು ನನಗೆ ನೋವಲ್ಲ. ನೀನು ಹುಕ್ಕೇರಿಯ ಸಾಲೆಯಲ್ಲಿ ಪಾಠ ಹೇಳಿ ಬಂದು ಚಪ್ಪಲಿ ಬಿಡುವ ಮೊದಲೇ ಕೂಗುತ್ತಿದ್ದೆ ನೋಡು, ಅದು ಇನ್ನು ಕೇಳುವುದಿಲ್ಲ ಎಂದು ನಾನು ದಿನಾ ಸಂಜೆ ಅಂದುಕೊಳ್ಳುತ್ತೇನೆ, ಅದು ನೋವು. ಆದ್ದರಿಂದ ಬಂದಾಗ ನನ್ನನ್ನು ಏನೆಂದು ಕರೆಯಬೇಕು ಎಂದು ತಲೆ ಕೆಡಿಸಿಕೊಳ್ಳಬೇಡ. ಬಾಗಿಲಲ್ಲಿ ನಿಂತು, "ಅತ್ತೀ, ಚಾ ಐತೇನ್ರಿ?" ಅನ್ನು. ಇರುತ್ತದೆ.