ಹಾರ್ಡ್‌ಡಿಸ್ಕಿನ ಕೆಳಗಿನ ಚಪ್ಪಲಿ

ಮರಳಿ,
ತಾ. ೫-೧೨-೨೦೦೩

ಪ್ರೀತಿಯ ತಿರುಮಲೇಶಣ್ಣನಿಗೆ ತಂಗಿ ಲಲಿತಾಳ ನಮಸ್ಕಾರ.

ನಾವಿಲ್ಲಿ ಆರಾಮ ಇದ್ದೇವೆ. ನಿನ್ನ ಕೆಮ್ಮು ಹೇಗಿದೆ? ಗೋವಾದ ಹವಾ ಒಗ್ಗಿತೋ ಇಲ್ಲವೋ? ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ಉಪವಾಸ ಬೀಳಬೇಡ, ಹೊಟ್ಟೆ ತುಂಬ ಉಣ್ಣು. ಅವ್ವನ ಮೊಣಕಾಲು ನೋವು ಕಡಿಮೆಯಾಗಿದೆ. ಮೊನ್ನೆಯಿಂದಂತೂ ಓಣಿಯಲ್ಲಿ ತಲೆ ಎತ್ತಿ ಓಡಾಡುತ್ತಿದ್ದಾಳೆ. ಯಾಕೆಂದು ಹೇಳುತ್ತೇನೆ, ಕೂತು ಓದು.

ದೀಪಾವಳಿ ಅಮಾವಾಸ್ಯೆಯನ್ನು ನಾನು ಮರೆತಿಲ್ಲ, ನೀನೂ ಮರೆತಿರಲಾರೆ. ನೀನು ಲೆಕ್ಕ ಬರೆಯುತ್ತಿದ್ದ ಅಕ್ಕಿ ಗಿರಣಿ ನಡೆಯುವಾಗ ಆಫೀಸಿನ ಗೋಡೆ, ಮೇಜು ಎಲ್ಲ ನಡುಗುತ್ತವೆಂದು ನೀನೇ ತಲೆ ಓಡಿಸಿ, ಹಳೆಯ ಹವಾಯಿ ಚಪ್ಪಲಿ ಕೊಯ್ದು, ಕಂಪ್ಯೂಟರಿನ ಡಬ್ಬಿಯೊಳಗೆ ಹಾರ್ಡ್‌ಡಿಸ್ಕಿಗೆ ಹಾಸಿಗೆ ಮಾಡಿದ್ದೆ. ಎರಡು ವರ್ಷ ಅದು ಒಂದು ದಿನವೂ ಕೈಕೊಡಲಿಲ್ಲ. ಪೂಜೆಗೆಂದು ಡಬ್ಬಿ ಬಿಚ್ಚಿ ಧೂಳು ಒರೆಸುವಾಗ ಗಿರಣಿಯ ಕೊಟ್ರಬಸಪ್ಪ ಸಾಹುಕಾರರಿಗೆ ಆ ತುಂಡುಗಳು ಕಂಡವು. ಪ್ರತಿ ಅಮಾವಾಸ್ಯೆಗೂ ಅವರು ವಿಭೂತಿ ಹಚ್ಚಿ ಕೈಮುಗಿಯುವ ಪೆಟ್ಟಿಗೆ ಅದು. "ಲಕ್ಷ್ಮಿ ಕೂಡೋ ಜಾಗಾದಾಗ ಕೆರ ಇಟ್ಟಿಯೇನಲೇ" ಎಂದು ಹಮಾಲರ ಮುಂದೆ ಅದೇ ತುಂಡಿನಿಂದ ನಿನ್ನ ಕೆನ್ನೆಗೆ ಹೊಡೆದರು. ನೀನು ಗೋವಾ ಬಸ್ಸು ಹತ್ತಿದೆ. ನಾನು ಹಲ್ಲು ಕಚ್ಚಿಕೊಂಡು ಉಳಿದೆ.

ದೇವರು ನನ್ನ ಮಾತು ಕೇಳಿದ. ಹೊಸಪೇಟೆಯ ಮೆಕ್ಯಾನಿಕ್ ಒಬ್ಬ ಬಂದು ಡಿಸ್ಕನ್ನು ತಗಡಿಗೆ ಸ್ಕ್ರೂ ಹಾಕಿ ಬಿಗಿದ. ನಾಲ್ಕೇ ದಿನಕ್ಕೆ ಪರದೆ ನೀಲಿಯಾಗಿ ಎರರ್ ಬರತೊಡಗಿತು. ಮೂರು ಸಲ ವಿಂಡೋಸ್ ಹಾಕಿಸಿದರು, ಡಿಸ್ಕ್ ಹೊಸದು ತಂದರು. ತಮಾಷೆ ಕೇಳು: ಮೆಕ್ಯಾನಿಕ್ ಬರುವುದು ಊಟದ ಹೊತ್ತಿಗೆ, ಗಿರಣಿ ನಿಂತಾಗ. ಆಗ ಎಲ್ಲ ಸರಿ. ಅವನು ಗಂಗಾವತಿ ದಾಟುವುದರೊಳಗೆ ಗಿರಣಿ ಶುರು, ಪರದೆ ನೀಲಿ! ತೂಕದ ಚೀಟಿ ಕಂಪ್ಯೂಟರಿನಿಂದಲೇ ಬರಬೇಕು, ಅದಿಲ್ಲದೆ ಸುಗ್ಗಿಯ ಭತ್ತ ಹೊತ್ತ ಲಾರಿಗಳು ಗೇಟಿನಿಂದ ಕಾಲುವೆತನಕ ನಿಂತವು. ನಡುಕಕ್ಕೇ ಹೀಗಾಗುತ್ತಿದೆ ಎಂದು ನನಗೆ ಮೊದಲ ದಿನವೇ ಗೊತ್ತಿತ್ತು, ನಿನಗೆ ಸ್ಕ್ರೂಡ್ರೈವರ್ ಕೊಟ್ಟವಳು ನಾನಲ್ಲವೇ? ಬಾಯಿ ಬಿಡಲಿಲ್ಲ. ಹಮಾಲ ಮದಾರಸಾಬಣ್ಣ ಬಂದು ಈ ಸುದ್ದಿ ಹೇಳಿದಾಗಲೆಲ್ಲ ನಾನು ಒಂದು ರೊಟ್ಟಿ ಹೆಚ್ಚಿಗೆ ತಿಂದಿದ್ದೇನೆ.

ಮೊನ್ನೆ ಸಾಹುಕಾರರೇ ನಮ್ಮ ಮನೆಗೆ ಬಂದರು. "ನಿಮ್ಮಣ್ಣನ ಕೈಗುಣ ಬ್ಯಾರೇನ ಇತ್ತವಾ. ನೀ ಆದ್ರೂ ಬಂದು ನೋಡು" ಎಂದರು. ಅವ್ವ ಒಂದು ತಂಬಿಗೆ ನೀರೂ ಕೊಡಲಿಲ್ಲ. ನಾನು ಹೋದೆ. ನೀನು ಹೊಡೆತ ತಿಂದ ಜಾಗದಲ್ಲೇ ನಿಂತು, ಅದೇ ಹಮಾಲರನ್ನು ಕರೆಸಿ, ಅವರ ಮುಂದೆ ಸಾಹುಕಾರರಿಗೆ ಹೇಳಿದೆ: "ಚಪ್ಪಲಿ ಇಲ್ದ ಇದು ನಡೆಯಂಗಿಲ್ರಿ. ಬ್ಯಾರೇದವರದು ಆಗಂಗಿಲ್ಲ, ದಿನಾ ಈ ನೆಲ ತುಳಿಯೋ ನಿಮ್ಮದ ಬೇಕು. ನೀವ ಕೊಯ್ದು ನೀವ ಇಡ್ರಿ." ಸಾಹುಕಾರರ ಮುಖ ಕೆಂಪಾಯಿತು. ಹೊರಗೆ ಲಾರಿಯವರು ಹಾರ್ನ್ ಹೊಡೆಯುತ್ತಲೇ ಇದ್ದರು. ಕೊನೆಗೆ ಹವಾಯಿ ಚಪ್ಪಲಿ ಕಳಚಿ, ನೆಲಕ್ಕೆ ಕೂತು, ಚೂರಿಯಿಂದ ಕೊಯ್ದು ನಾಲ್ಕು ತುಂಡು ಇಟ್ಟರು. "ಇನ್ನ ವಿಭೂತಿ ಹಚ್ರಿ" ಎಂದೆ. ಹಚ್ಚಿದರು! "ನಮ್ಮಣ್ಣಂದು ತಪ್ಪಿಲ್ಲ ಅಂತ ಹೇಳ್ರಿ" ಎಂದೆ. "ತಿರುಮಲೇಶಂದು ತಪ್ಪಿಲ್ಲ, ತಪ್ಪು ನಂದು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆಮೇಲೆ ನೀನು ಕಲಿಸಿಕೊಟ್ಟಂತೆ ವಿಂಡೋಸ್ ಮತ್ತೊಮ್ಮೆ ಹಾಕಿದೆ, ಗಿರಣಿ ಶುರು ಮಾಡಿಸಿದೆ. ಸಂಜೆತನಕ ಒಂದು ಎರರ್ ಬರಲಿಲ್ಲ. ಅಣ್ಣಾ, ಇಷ್ಟು ಖುಷಿ ನನಗೆ ಎಂದೂ ಆಗಿರಲಿಲ್ಲ. ಪಾಪ ಬಂದರೆ ಬರಲಿ.

ಇನ್ನು ನೀನು ಊರಿಗೆ ಬಾ, ಯಾರ ಮುಂದೆಯೂ ತಲೆ ತಗ್ಗಿಸುವ ಕಾರಣವಿಲ್ಲ. ಅವ್ವ ನಿನ್ನ ಕೌದಿ ಒಗೆದು ಬಿಸಿಲಿಗೆ ಹಾಕಿದ್ದಾಳೆ, ನೂರು ವರ್ಷ ಬಾಳು ಎಂದು ಹರಸಿದ್ದಾಳೆ.

ನಿನ್ನ ತಂಗಿ,
ಲಲಿತಾ

ತಾ.ಕ.: ಅವಸರದಲ್ಲಿ ಮುಖ್ಯ ಮಾತೇ ಬಿಟ್ಟಿದ್ದೆ. ಚಪ್ಪಲಿಯೇ ಬೇಕಿತ್ತೇ ಎಂದು ಕೇಳಲು ಸಾಹುಕಾರರು ನಿನಗೆ ಫೋನ್ ಮಾಡಬಹುದು. ಸೈಕಲ್ ಟ್ಯೂಬಿನ ತುಂಡು ಹಾಕಿದ್ದರೂ ನಡೆಯುತ್ತಿತ್ತು, ಅದು ನನ್ನ ಚೀಲದಲ್ಲೇ ಇತ್ತು. ನೀನು ಮಾತ್ರ ಚಪ್ಪಲಿಯೇ ಬೇಕು, ಅದೂ ಬಲಗಾಲಿನದೇ ಆಗಬೇಕು ಎನ್ನು. ಮೊನ್ನೆ ಅವರು ಕೊಯ್ದದ್ದು ಎಡಗಾಲಿನದು.